ಹನ್ನೆರಡು ರನ್ ಮುಂದಿದ್ದಾಗ

ಚರ್ಮದ ಗ್ಲೌಸಿನ ವಾಸನೆ ಬಂದರೆ ಈಗಲೂ ಸ್ವೀಡನ್ನಿನ ಉಪ್ಸಾಲಾದ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಹತ್ತು ವರ್ಷ. ಬೇಸ್‌ಬಾಲ್ ಪಂದ್ಯದಲ್ಲಿ ನಮ್ಮ ತಂಡ ಹನ್ನೆರಡು ರನ್ ಮುಂದಿತ್ತು. ಎದುರಾಳಿಗಳು ಸೋತು ಸುಣ್ಣವಾಗಿದ್ದರು.

"ಓಡು ಪುಟ್ಟೀ!" ಎಂದು ಬೇಲಿಯಾಚೆಯಿಂದ ಅಪ್ಪ ಕೂಗಿದರು. ಓಟಗಾರರು ನಿಲ್ಲುವ ಮೊದಲ ಗುರುತಾದ ಬೇಸ್ ಮೇಲೆ ನಿಂತಿದ್ದ ನಾನು, ಚೆಂಡು ಎಸೆಯುವವಳ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದೆ. ಅಪ್ಪನ ಚಪ್ಪಾಳೆಯೊಂದೇ ಕೇಳಿಸಿತು. ನನ್ನ ತಂಡದವರು ನೆಲ ನೋಡುತ್ತಿದ್ದರು.

ಆಟ ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ಸ್ವೀಡಿಶ್‌ನಲ್ಲಿ ಮೆಲ್ಲಗೆ ಹೇಳಿದರು: "ನಿಯಮದ ಪ್ರಕಾರ ತಪ್ಪಲ್ಲ. ಆದರೆ ಇಷ್ಟು ಮುಂದಿರುವಾಗ ಯಾರೂ ಹಾಗೆ ಕದ್ದು ಓಡುವುದಿಲ್ಲ. ಸೋಲುತ್ತಿರುವವರನ್ನು ಹಂಗಿಸಿದ ಹಾಗಾಗುತ್ತದೆ."

ಅಪ್ಪನಿಗೆ ಸ್ವೀಡಿಶ್ ಬರುತ್ತಿರಲಿಲ್ಲ. "ಏನಂದ್ರು ಪುಟ್ಟಿ?" ಎಂದು ಕೇಳಿದರು.

"ಚೆನ್ನಾಗಿ ಓಡ್ದೆ ಅಂದ್ರು."

ಬಸ್ಸಿನಲ್ಲಿ ಅಪ್ಪ ಅಜ್ಜಿಗೆ ಫೋನ್ ಮಾಡಿ ಅದನ್ನೇ ಎರಡೆರಡು ಸಲ ಹೇಳಿದರು. ಆಮೇಲೆ ಫೋನನ್ನು ನನ್ನ ಕಿವಿಗಿಟ್ಟರು.

"ನೀನೇ ಗೆಲ್ಸಿದ್ಯಂತಲ್ಲ ಕಂದಾ!" ಎಂದರು ಅಜ್ಜಿ.

"ಹೂಂ ಅಜ್ಜಿ," ಎಂದೆ.