ನೀರಾನೆ ತೊಗಲಿನ ಚಾವಟಿ

ಮೊನ್ನೆ ಕ್ಲೈಡ್ ನಾರ್ತ್ ಬಡಾವಣೆಯ ಮನೆಯಲ್ಲಿ ಮಗನ ಬೂಟಿಗೆ ಕೊಬ್ಬರಿ ಎಣ್ಣೆ ಉಜ್ಜುವಾಗ ಎದ್ದ ತೊಗಲಿನ ವಾಸನೆ ನನ್ನನ್ನು ನಾನು ಬೆಳೆದ ಕ್ಲೇಟನ್ನಿನ ಹಳೆಯ ಮನೆಯ ಹಿತ್ತಲಿಗೆ ಕರೆದೊಯ್ದಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಜ್ಜ ಬ್ರಿಟಿಷರ ಕೀನ್ಯಾದಲ್ಲಿ ಕತ್ತಾಳೆ ತೋಟವೊಂದರಲ್ಲಿ ಕೂಲಿಯಾಳುಗಳ ಮೇಸ್ತ್ರಿಯಾಗಿದ್ದರು. ಅಲ್ಲಿಂದ ತಂದ ನೀರಾನೆ ತೊಗಲಿನ ಚಾವಟಿಗೆ ಶನಿವಾರ ಶನಿವಾರ ಎಣ್ಣೆ ಹಚ್ಚುತ್ತಿದ್ದರು. ಅಮ್ಮ ಅದರಿಂದಲೇ ಕಾರ್ಪೆಟ್ಟಿನ ಧೂಳು ಕೊಡವುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಅಜ್ಜನೂ ನಾನೂ ಹಿತ್ತಲಿನಲ್ಲಿದ್ದಾಗ, ಅಮ್ಮ ಧೂಳು ಹೊಡೆಯುವ ಸದ್ದು ಕೇಳಿ ಪಕ್ಕದ ಮನೆಯ ಜೋಸೆಫ್ ಅಂಕಲ್ ಬಂದರು. ಕೀನ್ಯಾದವರು, ಬರ್ಮಾದಲ್ಲಿ ಬ್ರಿಟಿಷರ ಪರ ಹೋರಾಡಿದವರು, ಈ ಊರಿನಲ್ಲಿ ಅಜ್ಜನಿಗಿದ್ದ ಒಬ್ಬರೇ ಗೆಳೆಯರು. ಚಾವಟಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಮೂಸಿದರು.

“ಇದು ಎಲ್ಲಿಂದ ಬಂತು?”

“ತೋಟದ ದೊರೆ ಕೊಟ್ಟದ್ದು ಮಾರಾಯ, ನೆನಪಿಗೆ ಅಂತ,” ಎಂದರು ಅಜ್ಜ.

“ಬೀಸಿದವರು ಯಾರು?”

“ಬೀಸು ಅಂತ ಹೇಳಿದವರು ದೊರೆ.”

“ಹೇಳಿದ್ದು ಯಾರು ಅಂತ ನಾನು ಕೇಳಲಿಲ್ಲ.”

ಅಂಕಲ್ ಅಂಗಿ ಎತ್ತಿದರು. ಬೆನ್ನ ತುಂಬ ಚರ್ಮ ಹಗ್ಗದಂತೆ ಉಬ್ಬಿತ್ತು. “ಯುದ್ಧದಿಂದ ಬಂದವನು ಮೆಡಲ್ ಹಾಕಿಕೊಂಡೇ ಹೋಗಿ, ತೋಟಕ್ಕೆಂದು ಕಿತ್ತುಕೊಂಡ ಅಪ್ಪನ ಜಮೀನು ವಾಪಸ್ ಕೊಡಿ ಎಂದೆ. ನೆಲಕ್ಕೆ ಮಲಗಿಸಿದರು. ಮೂಳೆ ಕಾಣುವ ತನಕ ಹೊಡೆದವನು ನಿನ್ನ ಹಾಗೇ ಒಬ್ಬ ಮೇಸ್ತ್ರಿ.”

“ಅದು ಬೇರೆ ತೋಟ,” ಎಂದರು ಅಜ್ಜ.

ಅಂಕಲ್ ಚಾವಟಿಯನ್ನು ಅಜ್ಜನ ಕೈಗಿಟ್ಟು, ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಕೈ ಚಾಚಿದರು. “ಹೇಗೆ ಅಂತ ಮೊಮ್ಮಗಳಿಗೆ ತೋರಿಸು.”

“ಏಳು ಮಾರಾಯ, ಏಳು,” ಎಂದು ಅಜ್ಜ ಬೇಡುತ್ತಲೇ ಇದ್ದರು. ಆದರೆ ಅವರ ಬಲಗಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು, ಬೀಸಲು ನಿಂತವನ ಕಾಲಿನಂತೆ ಗಟ್ಟಿಯಾಗಿ ನೆಲಕ್ಕೆ ಊರಿತ್ತು. ಅಮ್ಮ ಓಡಿಬಂದು ಚಾವಟಿ ಕಿತ್ತುಕೊಳ್ಳುವವರೆಗೂ ಆ ಕಾಲು ಅಲ್ಲೇ ಇತ್ತು.