ಕೊಳೆಯದ ಗೋಡೆ

ಭತ್ತದ ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯಂತೆ ಪೇರಿಸಿ, ಮೇಲೆ ಮಣ್ಣು ಮೆತ್ತಿದ ಮನೆ ಅದು. ಕಟ್ಟಿಸಿದ ದಿನ ದಾಯಾದಿಗಳೆಲ್ಲ ನಕ್ಕಾಗ ಚಿಕ್ಕತಾಯಿಯ ಗಂಡ ಮೀಸೆ ತಿರುವಿ, "ತಾನಾಗಿ ಕೊಳೆತು ಬಿದ್ರೆ ಮಾತ್ರ ಇಟ್ಟಿಗೆ ಮನೆ. ಅಲ್ಲೀಗಂಟ ಇದನ್ನ ಮುಟ್ಟಾಕಿಲ್ಲ" ಎಂದುಬಿಟ್ಟಿದ್ದ. ಅಂದಿನಿಂದ ಅವಳು ಊರವರ ಬಾಯಲ್ಲಿ ಹುಲ್ಲುಮನೆಯವಳು. ನಲ್ಲಿಯ ಹತ್ತಿರ ಹೋದರೆ ಸಾಕು, "ಮೇವು ಮುಗೀತು ಕಣಕ್ಕ, ನಿಮ್ಮನೆದು ಒಂದು ಗೋಡೆ ಕೊಡು" ಎನ್ನುವರು. ಕೇಳಿ ಕೇಳಿ ಬೇಸತ್ತು, ಅವಳು ಪಾತ್ರೆ ತೊಳೆದ ನೀರನ್ನೆಲ್ಲ ಕದ್ದುಮುಚ್ಚಿ ಹಿತ್ತಲ ಗೋಡೆಗೆ ಎರಚತೊಡಗಿ ವರ್ಷಗಳೇ ಆಗಿದ್ದವು.

ಈ ಸಲ ಹಟ ಹಿಡಿದು ಗಾರೆಯವನನ್ನು ಕರೆಸಿದಳು. ಅವನು ಹಿತ್ತಲ ಗೋಡೆ ಕೆತ್ತಿ, ಒಳಕ್ಕೆ ಕೈ ತೂರಿಸಿ, ಒಂದು ಹಿಡಿ ಹುಲ್ಲು ಎಳೆದ. ಮೊನ್ನೆ ಕಣದಿಂದ ತಂದ ಹಾಗೆ ಗರಿಗರಿಯಾಗಿತ್ತು.

"ಬುಡಕ್ಕೆ ಎತ್ತರದ ಕಲ್ಲು ಕೊಟ್ಟವ್ರೆ, ನೀರು ನಿಲ್ಲಾಕಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಹಿಂಗೇ ಇರ್ತದೆ ಕಣಕ್ಕ."

"ಸರಿಯಾಗಿ ನೋಡಪ್ಪ. ಒಂದೆಳೆಯಾದ್ರೂ ಕೊಳೆತಿಲ್ವ?"

"ಕೊಳೀಲಿ ಅಂತ ಹರಕೆ ಹೊತ್ತಿದ್ದೀಯೇನೇ?" ಗಂಡ ಗದರಿದ. "ನಾನು ಕಟ್ಟಿಸಿರೋದು ಕಣೆ ಇದು."

ಗಾರೆಯವನು ತೂತಿಗೆ ಮಣ್ಣು ಮೆತ್ತಿ ಹೊರಟುಹೋದ. ಸಂಜೆ ಪಾತ್ರೆ ತೊಳೆದಾದ ಮೇಲೆ ಚಿಕ್ಕತಾಯಿ ಮುಸುರೆ ನೀರಿನ ಬಕೆಟ್ಟು ಹಿಡಿದು ಹಿತ್ತಲಿಗೆ ಬಂದಳು.

ಗಂಡ ಆಗಲೇ ಅಲ್ಲಿದ್ದ. ಅತ್ತಿತ್ತ ನೋಡುತ್ತ, ಅದೇ ಗೋಡೆಗೆ ತುಂಬಿದ ಬಿಂದಿಗೆ ಬಗ್ಗಿಸುತ್ತಿದ್ದ.