ಯಾರ ಕಡೆಗೂ ಕೂರದವರು

ಜುಜುತ್ಸು ಕುಸ್ತಿಯ ಫೈನಲ್‌ನಲ್ಲಿ ನಾನು, ಅವಳು. ಇಬ್ಬರಿಗೂ ಒಬ್ಬರೇ ಕೋಚ್.

"ಇಬ್ಬರೂ ನನ್ನ ಮಕ್ಕಳಿದ್ದಂಗೆ. ಯಾರ ಕಡೆಗೂ ಕೂರಲ್ಲ," ಅಂತ ಸರ್ ದೂರ ಹೋಗಿ ನಿಂತರು.

ಅಂಗಾತ ಬಿದ್ದೆ. ಅವಳು ಮೈಮೇಲೆ ಬಾರದಂತೆ ಅವಳ ಕುತ್ತಿಗೆಗೆ ಮುಂಗೈ ಅಡ್ಡ ಕೊಟ್ಟು ತಡೆದೆ. ಅವಳು ಆ ಕೈಯನ್ನು ತಳ್ಳಲೇ ಇಲ್ಲ. ಅದರ ಮೇಲೆ ಭಾರ ಬಿಟ್ಟು ಸುಮ್ಮನೆ ಕಾದಳು.

ಉಸಿರು ಬಿಡುವಾಗ ನನ್ನ ಮೊಣಕೈ ಸಡಿಲಾಗುತ್ತದೆ. ಅದು ಸರ್‌ಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಉಸಿರು ಬಿಟ್ಟೆ. ಅವಳು ಮೊಣಕೈ ಸರಿಸಿ, ನನ್ನ ಕಾಲು ದಾಟಿ, ಎದೆಯ ಮೇಲೆ ಬಂದು ಕೂತಳು.

ಗೆದ್ದ ಮೇಲೆ ಅವಳೇ ನನ್ನನ್ನು ಹಿಡಿದು ಎಬ್ಬಿಸಿದಳು.

"ಉಸಿರಿನ ವಿಷಯ ಯಾರೇ ಹೇಳಿದ್ದು?"

"ಸರ್! ನಿನ್ನೆಯೆಲ್ಲ ಅದನ್ನೇ ಮಾಡಿಸಿದ್ರು." ಬೆವರು ಒರೆಸಿಕೊಳ್ಳುತ್ತಾ ನಕ್ಕಳು. "ನಿಂಗೆ ನನ್ನ ಯಾವ ತಪ್ಪು ಹೇಳಿಕೊಟ್ಟಿದ್ರು?"